ಉದುರಬೇಕಾದ್ದು ಚಕ್ಕೆ, ಹಿಟ್ಟಲ್ಲ

ಒಂದು ಬೆಳಿಗ್ಗೆ ನನ್ನ ನಾದಿನಿ, ಅಂದರೆ ತಮ್ಮನ ಹೆಂಡತಿ, ಅಂಗಡಿಗೆ ಬಂದವಳೇ ಒಂದು ಚೀಲವನ್ನು ಧೊಪ್ಪನೆ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು. ಬಿಚ್ಚಿ ನೋಡಿದರೆ ಮರದ ಹೊಟ್ಟು! ನನ್ನ ಅಂಗಡಿಯಲ್ಲಿ ಮೊಳೆ, ಹಗ್ಗ, ಸುತ್ತಿಗೆ, ಅರ, ಗರಗಸ ಎಲ್ಲ ಸಿಗುತ್ತವೆ. ಹೊಟ್ಟು ಮಾತ್ರ ನಾನು ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ.

"ಅತ್ತಿಗೆ, ಸ್ವಲ್ಪ ಮುಟ್ಟಿ ನೋಡಿ," ಅಂದಳು. "ಕೋಳಿಗಳು ಗೂಡಿಗೇ ಹೋಗ್ತಿಲ್ಲ. ಸಿಕ್ಕ ಸಿಕ್ಕ ಮೂಲೇಲಿ ಮೊಟ್ಟೆ ಇಡ್ತಿವೆ. ಮುಂಚೆ ನಿಮ್ಮ ತಮ್ಮ ಮರ ಕೊಯ್ದ್ರೆ ಚಕ್ಕೆ ಚಕ್ಕೆಯಾಗಿ ಬೀಳ್ತಿತ್ತು, ಗೂಡಿಗೆ ಹಾಸಿದ್ರೆ ಬೆಚ್ಚಗೆ ಕೂರ್ತಿದ್ವು. ಈಗ ಬರೀ ಹಿಟ್ಟು! ಅವೂ ಸೀನ್ತವೆ, ನಾನೂ ಸೀನ್ತೀನಿ."

ಮುಟ್ಟಿದೆ. ನಿಜಕ್ಕೂ ಹಿಟ್ಟೇ. ತಪ್ಪು ಕೋಳಿಯದಲ್ಲ, ಮರ ಕೊಯ್ಯುವ ಮಷೀನಿನ ಚೈನಿನದು ಅಂತ ಆಗಲೇ ಗೊತ್ತಾಯಿತು. ಚೈನಿನ ಹಲ್ಲು ಹರಿತವಾಗಿದ್ದರೆ ಮರ ಚಕ್ಕೆಯಾಗಿ ಉದುರುತ್ತದೆ. ಮೊಂಡಾದರೆ ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತದೆ, ಮಷೀನು ಹಿಡಿದವನ ಕೈಯನ್ನೂ ಅದುರಿಸುತ್ತದೆ.

"ಅವನ ಕೈ ಹೇಗಿದೆ?" ಅಂತ ಕೇಳಿದೆ.

ಅವಳ ಮುಖ ಸಪ್ಪಗಾಯಿತು. "ಸಂಜೆ ಹೊತ್ತಿಗೆ ಜೋಮು ಹಿಡಿಯುತ್ತೆ ಅತ್ತಿಗೆ. ಟೀ ಲೋಟ ಹಿಡಿದ್ರೆ ಗಡಗಡ ನಡುಗುತ್ತೆ. ಮಗಳು ಪುಟ್ಟೀನ ಎತ್ಕೊಂಡು ಹದಿನೈದು ದಿನ ಆಯ್ತು. ಎಲ್ಲಿ ಬೀಳಿಸಿಬಿಡ್ತೀನೋ ಅಂತ ಭಯ ಅವರಿಗೆ. ಮಗು ಕೈ ಚಾಚುತ್ತೆ, ಇವರು ಕೈ ಹಿಂದೆ ಕಟ್ಕೊಂಡು ನಿಲ್ತಾರೆ. ನನ್ನಿಂದ ನೋಡೋಕಾಗಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಡಿ ಬಾಗಿಲು ಎಳೆದು ಅವಳ ಜೊತೆ ಹೊರಟೇಬಿಟ್ಟೆ.

ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತಮ್ಮ ದಿಮ್ಮಿ ಕೊಯ್ಯುತ್ತಿದ್ದ. ಕೊಯ್ಯುವುದೆಲ್ಲಿ ಬಂತು, ಮಷೀನಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದ. ಮರದಿಂದ ಹೊಗೆ ಬರುತ್ತಿತ್ತು.

"ನಿಲ್ಸೋ ಮಾರಾಯ!" ಅಂತ ಕೂಗಿದೆ. ನಿಲ್ಲಿಸಿದ.

"ಮರ ಗಟ್ಟಿ ಇದೆ ಅಕ್ಕ," ಅಂದ.

"ಮರ ಗಟ್ಟಿ ಇಲ್ಲ, ನಿನ್ನ ತಲೆ ಗಟ್ಟಿ. ಚೈನು ಮೊಂಡಾಗಿದೆ. ಮೊಂಡು ಚೈನನ್ನ ಒತ್ತಿದಷ್ಟೂ ಮಷೀನು ಅದುರುತ್ತೆ, ಆ ಅದುರೆಲ್ಲ ನಿನ್ನ ಕೈಗೇ ಬರುತ್ತೆ."

"ದಿನಾ ಅರ ಹಾಕಿ ಹರಿತ ಮಾಡ್ತೀನಲ್ಲ! ಬೇಕಾದ್ರೆ ಇವಳನ್ನೇ ಕೇಳು."

"ಯಾವ ಅರ? ತಾ ಇಲ್ಲಿ."

ತಂದುಕೊಟ್ಟ. ದುಂಡು ಅರವೇ ಸರಿ. ಆದರೆ ಅವನ ಚೈನಿಗೆ ಬೇಕಾದ್ದಕ್ಕಿಂತ ದಪ್ಪ. ಹಲ್ಲಿನ ಕುಳಿಯೊಳಗೆ ಕೂರದೆ ಮೇಲೆ ಮೇಲೆಯೇ ಜಾರುತ್ತಿತ್ತು. ಪಾಪ, ದಿನವೂ ಕೂತು ತನ್ನ ಕೈಯಾರೆ ಹಲ್ಲನ್ನು ಮೊಂಡು ಮಾಡುತ್ತಿದ್ದ.

"ಯಾವನೋ ಇದನ್ನ ನಿನಗೆ ಕೊಟ್ಟವನು? ಅವನಿಗೆ ಬುದ್ಧಿ ಬೇಡ್ವಾ?"

ತಮ್ಮ ತಲೆ ಕೆರೆದುಕೊಂಡ. "ನೀನೇ ಕೊಟ್ಟಿದ್ದು ಅಕ್ಕ. ಹೋದ ತಿಂಗಳು ಹಳೇದು ಸವೀತು ಅಂತ ಬಂದಿದ್ನಲ್ಲ."

ನಾದಿನಿ ಸೆರಗು ಬಾಯಿಗಿಟ್ಟುಕೊಂಡಳು. ನಾನು ನಾಲಿಗೆ ಕಚ್ಚಿಕೊಂಡೆ. ನೆನಪಾಯಿತು. ಅವತ್ತು ಅಂಗಡಿ ತುಂಬ ಗಿರಾಕಿಗಳು. ಇವನು ಬಾಗಿಲಲ್ಲೇ ನಿಂತು "ಅಕ್ಕ, ಒಂದು ಅರ ಕೊಡು" ಅಂದ. ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಚೈನು ಯಾವುದು ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಪ್ಪತ್ತು ವರ್ಷದಿಂದ ಹತ್ಯಾರು ಮಾರುವವಳು ನಾನು! ನಾಚಿಕೆಯಾಯಿತು.

"ತಪ್ಪಾಯ್ತು ಕಣೋ," ಅಂದೆ. "ಚೈನು ಬಿಚ್ಚು, ಅದರ ಡಬ್ಬಾನೂ ತಗೋ. ನಡಿ ಅಂಗಡಿಗೆ."

ದಾರಿಯುದ್ದಕ್ಕೂ ಅವನದು ಒಂದೇ ರಾಗ. "ಅರ ಅಂದ್ರೆ ಅರ ಅಕ್ಕ. ಒಂದು ಕೂದಲೆಳೆ ದಪ್ಪ ಇದ್ರೆ ಏನಾಗುತ್ತೆ?"

"ನಿನ್ನ ಚಪ್ಪಲಿ ಒಂದು ಬೆರಳು ಚಿಕ್ಕದಾಗಿದ್ರೆ ಹಾಕ್ಕೋತೀಯಾ?"

ಅಂಗಡಿಯಲ್ಲಿ ಡಬ್ಬದ ಮೇಲಿನ ಬರಹ ಓದಿಸಿದೆ. ಅವನ ಚೈನಿಗೆ ಬೇಕಾದ್ದು ನಾಲ್ಕು ಪಾಯಿಂಟ್ ಎಂಟು ಮಿಲಿಮೀಟರಿನ ಅರ. ನಾನು ಕೊಟ್ಟಿದ್ದು ಐದೂವರೆಯದು. ಸರಿಯಾದದ್ದನ್ನು ಹಲ್ಲಿನ ಕುಳಿಯಲ್ಲಿಟ್ಟೆ. ಹೇಳಿ ಮಾಡಿಸಿದಂತೆ ಕೂತಿತು. ತಮ್ಮ ಬಗ್ಗಿ ನೋಡಿದ.

"ಇದಕ್ಕೆ ಹಿಡಿ ಹಾಕ್ಕೋ. ಜೊತೆಗೆ ಅರದ ಮೇಲೆ ಕೂರಿಸೋ ಈ ಗೆರೆ ಇರೋ ಪಟ್ಟೀನೂ ತಗೋ. ಗೆರೆ ಚೈನಿನ ಉದ್ದಕ್ಕೆ ಸರಿಯಾಗಿ ನಿಂತ್ರೆ ಅರದ ಓರೆ ತಪ್ಪಲ್ಲ."

"ಇಷ್ಟೆಲ್ಲ ಯಾಕೆ? ಕರೆಂಟಿನ ಗ್ರೈಂಡರ್ ಕೊಟ್ಬಿಡು, ಒಂದು ನಿಮಿಷದ ಕೆಲಸ."

"ಕೊಟ್ರೆ ನನಗೇ ಲಾಭ, ಬೇಡ ಅಂತೀನಾ? ಆದ್ರೆ ಅದು ದಿನಾ ಹತ್ತಾರು ಚೈನು ಹರಿತ ಮಾಡೋರಿಗೆ. ನಿನ್ನ ಹತ್ರ ಇರೋದು ಎರಡು. ಕೈ ಸ್ವಲ್ಪ ತಪ್ಪಿದ್ರೆ ಹಲ್ಲು ಕಾದು ನೀಲಿಯಾಗುತ್ತೆ, ಆಮೇಲೆ ಹರಿತ ನಿಲ್ಲಲ್ಲ."

ಜೊತೆಗೇ ಬಂದಿದ್ದ ನಾದಿನಿ ಅಷ್ಟರಲ್ಲಿ ಚೈನನ್ನು ಬೆಳಕಿಗೆ ಹಿಡಿದಿದ್ದಳು. "ಅತ್ತಿಗೆ, ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇದೆಯಲ್ಲ, ಅದೇನು?"

"ನೋಡು, ಕಣ್ಣು ಅಂದ್ರೆ ಇದು! ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅಂತ ಹೇಳೋದು ಆ ಉಬ್ಬು. ಹಲ್ಲು ಸವೆದ ಹಾಗೆ ಅದನ್ನೂ ತಗ್ಗಿಸಬೇಕು. ಅದಕ್ಕೆ ಚಪ್ಪಟೆ ಅರ, ಮತ್ತೆ ಈ ಅಳತೆ ತಗಡು. ಅಳತೆ ಮೀರಿ ತಗ್ಗಿಸಿದ್ರೆ ಮಷೀನು ಎಗರುತ್ತೆ, ಹುಷಾರು."

ಕೊಟ್ಟಿಗೆಗೆ ಬಂದು ಚೈನು ಹಾಕಿ, ಎಂಜಿನ್ ಆಫ್ ಇರುವಾಗಲೇ, ಕೈಗೆ ಗ್ಲೌಸ್ ಹಾಕಿಸಿ ಅರ ಹಾಕಲು ಶುರು ಮಾಡಿಸಿದೆ. ಅರವನ್ನು ಒಳಗಿನಿಂದ ಹೊರಗೆ ತಳ್ಳುವುದು ಅಷ್ಟೇ, ಹಿಂದಕ್ಕೆ ಉಜ್ಜುವುದಿಲ್ಲ. ಒಂದು ಹಲ್ಲಿಗೆ ಮೂರು ಸಲ ಅಂದರೆ ಎಲ್ಲಕ್ಕೂ ಮೂರೇ ಸಲ. ಒಂದು ಪಕ್ಕದ ಹಲ್ಲು ಹೆಚ್ಚು ಸವೆದರೆ ಕೊಯ್ತ ವಾರೆಯಾಗುತ್ತದೆ. ನಾದಿನಿ ಎಣಿಸಿದಳು, ತಮ್ಮ ತಳ್ಳಿದ.

ಆಮೇಲೆ ದಿಮ್ಮಿಗೆ ಇಟ್ಟ. ಒತ್ತಲೇ ಇಲ್ಲ, ಮಷೀನು ತಾನಾಗಿ ಇಳಿಯಿತು. ಚಕ್ಕೆಗಳು ಅವನ ಕಾಲ ಮೇಲೆ ಸುರಿದವು.

"ಅಯ್ಯೋ ಅಕ್ಕ! ಒಂದು ತಿಂಗಳು ನಾನು ಏನು ಮಾಡ್ತಿದ್ದೆ?" ಅಂದ.

"ಕೋಳಿಗಳಿಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ," ಅಂದಳು ನಾದಿನಿ.

ಮರುದಿನವೇ ಅವನನ್ನು ಡಾಕ್ಟರ ಹತ್ತಿರ ಕಳಿಸಿದೆವು. ಕೆಲವು ದಿನ ಕೈಗೆ ಬಿಡುವು ಕೊಡಲು ಅವರು ಹೇಳಿದರು. ಎರಡು ವಾರ ಕಳೆದು ನಾನು ಹೋದಾಗ ಗೂಡಿನ ಚಕ್ಕೆಯ ಮೇಲೆ ಕೆಂಪು ಹೇಂಟೆ ಮಹಾರಾಣಿಯ ಹಾಗೆ ಕೂತಿತ್ತು. ಪುಟ್ಟಿ ಎಂದಿನಂತೆ ಅಪ್ಪನ ಮುಂದೆ ಕೈ ಚಾಚಿದಳು. ತಮ್ಮ ಟೀ ಲೋಟ ಕೆಳಗಿಟ್ಟ. ಒಂದು ಹನಿಯೂ ಚೆಲ್ಲಲಿಲ್ಲ. ಎರಡೂ ಕೈಯಿಂದ ಮಗಳನ್ನು ಎತ್ತಿಕೊಂಡ. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಮರ ಕೊಯ್ಯುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಇವತ್ತು ಕೆಲಸ ಮುಗಿದ ಮೇಲೆ ಕಾಲಬುಡ ನೋಡಿ. ಬಿದ್ದಿರುವುದು ಹಿಟ್ಟಾದರೆ ಮಷೀನನ್ನು ಒತ್ತಬೇಡಿ, ನಿಲ್ಲಿಸಿ. ಚೈನನ್ನೋ ಅದರ ಡಬ್ಬವನ್ನೋ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಅದರ ಅಳತೆಯ ಅರವನ್ನೇ ಕೇಳಿ. ಕೈ ಜೋಮು ಹಿಡಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಅಂಗಡಿಯವರು "ಯಾವ ಚೈನು?" ಅಂತ ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ. ನಾನು ಅವತ್ತು ಆ ಒಂದು ಮಾತು ಕೇಳಲಿಲ್ಲ. ಅದಕ್ಕೆ ನಮ್ಮ ಪುಟ್ಟಿ ಅಷ್ಟು ದಿನ ಕೈ ಚಾಚಿಕೊಂಡೇ ನಿಂತಿದ್ದಳು.