ಹಾಳುಮನೆಯ ಧಣಿ

ಗಜೇಂದ್ರಗಡದ ಸುತ್ತ ಹಾಳು ಬಿದ್ದ ಕಟ್ಟಡಗಳಿಗೆ ಬರವಿಲ್ಲ. ಗುಡ್ಡದ ಮೇಲಿನ ಕೋಟೆಯಲ್ಲೊಂದಿಷ್ಟು, ಅದರ ಬುಡದಲ್ಲೊಂದಿಷ್ಟು, ರೋಣದ ಹಾದಿಗೆ, ಊರ ಹಳೇ ಓಣಿಗೆ ಮತ್ತೊಂದಿಷ್ಟು. ಮಾಳಿಗೆ ಕುಸಿದದ್ದು, ಬಾಗಿಲು ಕಳುವಾದದ್ದು, ಗೋಡೆಯ ನಡುವೆ ಬೇವು ಹುಟ್ಟಿದ್ದು. ಅಲ್ಲಿ ನಾಯಿ ಮರಿ ಹಾಕಲಿ, ಕುಡುಕರು ಬಾಟಲಿ ಒಡೆಯಲಿ, ನಿಧಿಯ ಆಸೆಗೆ ಬಿದ್ದವರು ನೆಲ ಅಗೆಯಲಿ, ಕೇಳುವವರಿಲ್ಲ. ಆದರೆ ಒಬ್ಬ ಹೆಣ್ಣುಮಗಳು ಕಸಬರಿಗೆ ಹಿಡಿದು ಒಳಗೆ ಹೊಕ್ಕಳೋ, ಹೊತ್ತು ಮುಳುಗುವುದರೊಳಗೆ ಅದಕ್ಕೊಬ್ಬ ಧಣಿ ಹುಟ್ಟಿಕೊಳ್ಳುತ್ತಾನೆ.

ಯಶೋಧರಾ ಇದನ್ನು ಒಂದೇ ತಿಂಗಳಲ್ಲಿ ಕಲಿತಳು. ಹಗಲೆಲ್ಲ ಹೊಲಿಗೆ ಅಂಗಡಿಯಲ್ಲಿ ಮಿಷಿನ್ ತುಳಿಯುವ ಅವಳು ಸಂಜೆ ತನ್ನ ಓಣಿಯ ಹುಡುಗಿಯರನ್ನು ಕೂಡಿಸಿಕೊಂಡು ಓದಿಸುತ್ತಿದ್ದಳು. ಪಾಠವೂ ಇತ್ತು, ಪಾಠದಾಚೆಯದೂ ಇತ್ತು. ಆ ವರ್ಷ ಬಳಗದ ಏಳೆಂಟು ಹುಡುಗಿಯರು ಹತ್ತನೇ ತರಗತಿಯಲ್ಲಿದ್ದರು. ದಸರೆ ಮುಗಿಯುತ್ತಲೇ ಅವರ ಅಪ್ಪ ಅವ್ವಂದಿರು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೊರಡುವವರು. ಹೋದರೆ ತಿರುಗಿ ಬರುವುದು ಯುಗಾದಿಗೆ. ಬಾಡಿಗೆಯ ತಗಡಿನ ಶೆಡ್ಡನ್ನು ಬಿಟ್ಟುಕೊಟ್ಟು ಹೋಗುವವರು ಬೆಳೆದ ಹೆಣ್ಣುಮಕ್ಕಳನ್ನು ಎಲ್ಲಿ ಬಿಟ್ಟಾರು? ಕರೆದುಕೊಂಡೇ ಹೋಗುತ್ತಿದ್ದರು. ಅಲ್ಲಿಗೆ ಶಾಲೆ ಮುಗಿಯಿತು, ಪರೀಕ್ಷೆ ಮುಗಿಯಿತು. ಸಮುದ್ರದ ದಂಡೆಗೆ ಹತ್ತಂತಸ್ತು ಎಬ್ಬಿಸುವವರ ಮಕ್ಕಳಿಗೆ ಸ್ವಂತ ಊರಿನಲ್ಲಿ ಒಂದು ಖೋಲಿ ಇರಲಿಲ್ಲ.

"ನಮ್ಮವ್ವ ರಾತ್ರಿ ಹುಡುಗ್ಯಾರ ಜೋಡಿ ಮಕ್ಕೊಂತಾಳ. ನಾನೂ ಇರತೀನಿ. ಬಿಟ್ಟು ಹೋಗ್ರಿ ಕಾಕಾ" ಎಂದು ಅವಳು ಶ್ವೇತಾಳ ಅಪ್ಪ ಯಮನೂರಪ್ಪನನ್ನು ಕೇಳಿದ್ದಳು. ಬಳಗದಲ್ಲಿ ಎಲ್ಲರಿಗಿಂತ ಚುರುಕು ಶ್ವೇತಾ. ಅವಳೊಬ್ಬಳು ಉಳಿದರೆ ಉಳಿದವರೂ ಉಳಿಯುತ್ತಿದ್ದರು.

ಯಮನೂರಪ್ಪ ಕೈಯ ಸಲಿಕೆಯನ್ನು ಗೋಡೆಗೆ ಆನಿಸಿದ. "ಎಲ್ಲಿ ಬಿಡ್ಲವ್ವಾ? ಮನಿಗೊಬ್ಬ ಧಣಿ ಇರಬೇಕು. ನಾಳೆ ಏನರ ಹೆಚ್ಚುಕಡಿಮಿ ಆದ್ರ ಯಾರ ಕೊರಳಪಟ್ಟಿ ಹಿಡೀಲಿ ನಾನು? ಹಂಥಾದೊಂದು ಜಾಗಾ ತೋರಸು. ಮಗಳನ್ನ ಬಿಟ್ಟು ಹೋಗತೀನಿ."

ಅಂದಿನಿಂದ ಶುರುವಾಯಿತು ಹುಡುಕಾಟ. ಓಣಿಯ ಸುಭಾನಸಾಬನ ಟಂಟಂ ರಿಕ್ಷಾದಲ್ಲಿ ಹುಡುಗಿಯರು, ಕಸಬರಿಗೆ, ಎರಡು ಬಕೆಟ್ಟು.

ಮೊದಲು ಹೋದದ್ದು ರೋಣದ ಹಾದಿಯ ಹತ್ತಿ ಜಿನ್ನಿಗೆ. ತುಕ್ಕು ಹಿಡಿದ ಯಂತ್ರಗಳ ಎಲುಬುಗಳು, ತೊಲೆಯ ತುಂಬ ಪಾರಿವಾಳ. ಜೇಡರ ಬಲೆಗಳಲ್ಲಿ ಯಾವ ಕಾಲದ್ದೋ ಅರಳೆ ಸಿಕ್ಕಿಕೊಂಡು ಇನ್ನೂ ಬೆಳ್ಳಗೆ ತೂಗುತ್ತಿತ್ತು. ಹುಡುಗಿಯರು ಬಾಯಿಗೆ ವೇಲ್ ಕಟ್ಟಿಕೊಂಡು ಒಂದು ಖೋಲಿ ಬಳಿದರು. ಫರಶಿ ಕಲ್ಲು ಕಾಣುವ ಹೊತ್ತಿಗೆ ಕಡಲೆ ವ್ಯಾಪಾರದ ಅಂದಾನೆಪ್ಪ ಸಾವಕಾರರ ಕಾರು ಬಂದು ನಿಂತಿತು.

"ಯಾರನ್ನ ಕೇಳಿ ಒಳಗ ಹೊಕ್ಕೀರಿ? ನಮ್ಮ ಮುತ್ಯಾ ಕಟ್ಟಿಸಿದ ಜಿನ್ನಿದು."

"ಇಷ್ಟು ದಿನಾ ಯಾರೂ ಈ ಕಡೆ ಹಣಿಕಿ ಹಾಕಲಿಲ್ಲಲ್ರಿ ಸಾವಕಾರ್ರ?"

"ಏನೈತಂತ ಹಣಿಕಿ ಹಾಕೂದು? ಹಾಳು ಬಿದ್ದೈತಿ."

"ಹಾಳು ಬಿದ್ದಿದ್ದನ್ನ ಯುಗಾದಿ ತನಕ ಕೊಡ್ರಿ. ಹುಡುಗ್ಯಾರು ಓದಿಕೊಂತಾರ."

ಅಂದಾನೆಪ್ಪ ನಕ್ಕರು. "ಇವತ್ತ ಓದತೀರಿ. ನಾಳೆ ಅಡಗಿ ಮಾಡತೀರಿ. ನಾಡದ ಗ್ವಾಡಿಗೆ ನೀಲಿ ಕೋಟಿನ ಫೋಟೋ ತೂಗಹಾಕತೀರಿ. ಆಮ್ಯಾಲ ನಿಮ್ಮನ್ನ ಎಬ್ಬಸಾಕ ಯಾರ ಕೈಲೆ ಆಗತದ?"

ಯಾರ ಫೋಟೋ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯ ಅವರಿಗೂ ಇರಲಿಲ್ಲ, ಕೇಳುವ ಅಗತ್ಯ ಇವರಿಗೂ ಇರಲಿಲ್ಲ.

ಊರೊಳಗಿನ ಹಳೇ ವಾಡೇದ, ದೇಸಗತಿಯ ಆ ದೊಡ್ಡ ಮನೆಯ, ಕತೆ ಇನ್ನೂ ಚಂದ. ಕೆತ್ತನೆಯ ಕಂಬಗಳನ್ನು ಯಾರೋ ಮಾರಿಕೊಂಡಿದ್ದರು, ಒಳಕಲ್ಲಿನ ಗುಳಿಯಲ್ಲಿ ಮಳೆನೀರು ನಿಂತು ಗುಬ್ಬಿಗಳು ಮೀಯುತ್ತಿದ್ದವು. ಪಡಸಾಲೆ ಮಾತ್ರ ಗಟ್ಟಿಯಾಗಿತ್ತು. ಆ ವಾಡೇದ ಪಾಲಿಗಾಗಿ ಕೋರ್ಟು ಹತ್ತಿ ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದಿದ್ದ ಅಣ್ಣತಮ್ಮಂದಿರು, ಕಸಬರಿಗೆಯ ಸುದ್ದಿ ಮುಟ್ಟಿದ್ದೇ ತಡ, ಒಂದೇ ಬೈಕಿನ ಮೇಲೆ ಕೂತು ಬಂದು ಒಂದೇ ದನಿಯಲ್ಲಿ ಬೈದರು. ತಿರುಗಿ ಬರುವಾಗ ಸುಭಾನಸಾಬ ಹ್ಯಾಂಡಲ್ಲಿನ ಮೇಲೆ ಬಿದ್ದು ನಕ್ಕ. "ಯಶೋಧಕ್ಕಾ, ನೀವು ಹಿಂಗ ಕಸಾ ಹೊಡಕೊಂತ ಹೋದ್ರ ಈ ಜಿಲ್ಲಾದಾಗ ವಕೀಲರು ಉಪಾಸ ಸಾಯತಾರ!"

ಕೊನೆಗೆ ಕೋಟೆ. ಮೆಟ್ಟಿಲು ಹತ್ತಿ ಹೋದರೆ ದೊಡ್ಡ ಬಾಗಿಲಿನ ಪಕ್ಕ ಕಾವಲುಗಾರರ ಕಲ್ಲಿನ ಕೋಣೆ. ಉಳಿಯಲಿಕ್ಕೆ ಆಗದ ಜಾಗ ಎಂದು ಯಶೋಧರಾಳಿಗೆ ಗೊತ್ತಿತ್ತು. ಆದರೂ ಹುಡುಗಿಯರು ಬಂದರು, ಅವಳೂ ಬಂದಳು. ಗೋಡೆಯ ತುಂಬ ಬಾಣ ಚುಚ್ಚಿದ ಹೃದಯಗಳು, ಕೆಳಗೆ ಬಾಟಲಿ ಚೂರು. ಶ್ವೇತಾ ಬಾಗಿಲ ಕಮಾನಿನ ಒಂದು ಕಲ್ಲಿಗೆ ಅಂಗೈ ಹಚ್ಚಿ ನಿಂತಳು. ಕಲ್ಲು ಅವಳಿಗಿಂತ ಎತ್ತರವಿತ್ತು.

"ಅಕ್ಕಾ, ಇದನ್ನ ಯಾರು ಹೊತ್ತಿದ್ದಾರು?"

"ನಿಮ್ಮಪ್ಪ ಗೋವಾದಾಗ ಹೊರತಾನಲ್ಲ, ಅಂಥಾವ್ರು."

"ಅವರ ಹುಡುಗ್ಯಾರು ಎಲ್ಲಿ ಮಕ್ಕೊಂತಿದ್ರು?"

ಅಷ್ಟರಲ್ಲಿ ಕೊರಳಿಗೆ ಶಾಲು ಸುತ್ತಿಕೊಂಡ ನಾಲ್ಕು ತರುಣರು ಬಂದು, ಕೋಟೆ ಪವಿತ್ರ ಜಾಗ, ಇಲ್ಲಿ ಗಲೀಜು ಮಾಡಬೇಡಿ ಎಂದರು. ಬಾಟಲಿ ಚೂರಿನ ಮೇಲೇ ನಿಂತು ಹೇಳಿದರು.

ಆ ಸಂಜೆ ಯಶೋಧರಾ ಕಸಬರಿಗೆಯನ್ನು ಮೂಲೆಗೆ ಒಗೆದು ಕೂತಳು. ಅವ್ವ ಉಡಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಐವತ್ತು ವರ್ಷ ಮಂದಿಯ ಹೊಲದಲ್ಲಿ ಕಳೆ ತೆಗೆದ ಮುದುಕಿ. ಬಾಯಿಗೂ ಕುರುಪಿಗೂ ಒಂದೇ ಹರಿತ.

"ಭಾರೀ ಕಸಬರಿಗಿ ಐತಿ ಬಿಡು ನಿಂದು. ಸತ್ತ ಧಣಿಗೋಳನ್ನೂ ಎಬ್ಬಸ್ತದ. ಸರ್ಕಾರ ಎಲ್ಲಿ ಸತ್ತೈತಿ ನೋಡು, ಅಲ್ಲಿಷ್ಟು ಹೊಡೀ ಹೋಗು."

ಹಂಗಿಸಲಿಕ್ಕೆ ಅಂದ ಮಾತು. ಯಶೋಧರಾ ಮಾತ್ರ ತಟ್ಟನೆ ತಲೆ ಎತ್ತಿದಳು.

ಲಕ್ಕಲಕಟ್ಟಿಯ ಹಾದಿಯಲ್ಲಿ, ಊರು ಮುಗಿಯುವಲ್ಲಿ, ಹುಡುಗಿಯರ ವಸತಿ ನಿಲಯವೆಂದು ಕಟ್ಟಿಸಿದ ಕಟ್ಟಡವೊಂದಿತ್ತು. ಕಟ್ಟಿಸಿದವರು ಬಾಗಿಲು ತೆರೆಯಲೇ ಇಲ್ಲ. ಕಿಟಕಿಯ ಗಾಜು ಹೋಗಿದ್ದವು, ಹಲಗೆಯ ಅಕ್ಷರ ಹೋಗಿದ್ದವು, ಅಂಗಳದಲ್ಲಿ ಜಾಲಿ ಬೆಳೆದಿತ್ತು. ಅರಸರ ಕೋಟೆ ಹಾಳಾಗಲಿಕ್ಕೆ ನೂರಾರು ವರ್ಷ ಹಿಡಿಯಿತು, ಸರ್ಕಾರದ್ದು ಹತ್ತು ವರ್ಷದಲ್ಲಿ ಮುಗಿದಿತ್ತು. ಈ ಹುಡುಕಾಟಕ್ಕೂ ಮೊದಲೇ, ಶ್ರಾವಣದಲ್ಲಿ, ಯಶೋಧರಾ ಅದನ್ನು ಕೇಳಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದಿದ್ದಳು. ಒಬ್ಬರು ಅವರದು ಎಂದರು, ಅವರು ಇವರದು ಎಂದರು, ಮೂರನೆಯ ಕಚೇರಿಯ ಸಾಹೇಬರು ಕಡತದಿಂದ ತಲೆ ಎತ್ತದೆ "ನಮ್ಮದಲ್ಲಮ್ಮ" ಎಂದರು. ಬೇಕೆಂದಾಗ ಯಾರೂ ಧಣಿಗಳಲ್ಲ. ಬೇಡ ಅನ್ನಲಿಕ್ಕಾದರೂ ಒಬ್ಬ ಬರಲೇಬೇಕಲ್ಲ?

ಮರುದಿನ ಬೆಳಗ್ಗೆ ಹುಡುಗಿಯರು ಬೀಗ ತುಕ್ಕು ಹಿಡಿದು ಉದುರಿದ ಆ ಬಾಗಿಲನ್ನು ದೂಡಿ ಒಳಗೆ ಹೊಕ್ಕರು. ಬೇಕೆಂದೇ ಧೂಳೆಬ್ಬಿಸಿದರು. ಹಾದಿಗೆ ಕಾಣುವಂತೆ ಕಸ ರಾಶಿ ಹಾಕಿದರು. ಯಾರೂ ಬರಲಿಲ್ಲ. ಎರಡನೆಯ ದಿನ ಬೆಳಗ್ಗೆಯೂ ಬರಲಿಲ್ಲ. ಬಸ್ಸಿನವರು ನೋಡಿದರು, ಬೈಕಿನವರು ನೋಡಿದರು, ಮುಂದೆ ಹೋದರು. ಮಧ್ಯಾಹ್ನ ಒಂದು ಜೀಪು ನಿಂತಿತು. ಕಿಟಕಿ ಇಳಿಯಿತು. ಅದೇ ಮೂರನೆಯ ಕಚೇರಿಯ ಸಾಹೇಬರು! ಯಶೋಧರಾ ಕಸಬರಿಗೆ ಹಿಡಿದೇ ಎರಡು ಹೆಜ್ಜೆ ಮುಂದೆ ಬಂದಳು.

"ಆ ಜಾಲಿ ಕಂಟೀನೂ ಕಡದು ಹಾಕ್ರವಾ" ಎಂದರು ಸಾಹೇಬರು. ಕಿಟಕಿ ಏರಿತು. ಜೀಪು ಹೋಯಿತು.

ಶ್ವೇತಾ ಕೈಯ ಬಕೆಟ್ಟನ್ನು ಕುಕ್ಕಿದಳು. "ನಮ್ಮನ್ನ ಏನಂತ ತಿಳಕೊಂಡ್ರಕ್ಕಾ ಅವ್ರು?"

ಏನೆಂದು ತಿಳಿದರೆಂಬುದು ಎಲ್ಲರಿಗೂ ಗೊತ್ತಿತ್ತು. ಆ ಓಣಿಯ ಹೆಣ್ಣುಮಕ್ಕಳು, ಕೈಯಲ್ಲಿ ಕಸಬರಿಗೆ. ಯಾರೋ ಪಗಾರ ಕೊಟ್ಟು ಕಳಿಸಿದ್ದಾರೆ ಎಂದು ಊರಿಗೆ ಊರೇ ತಿಳಿದಿತ್ತು. ಯಶೋಧರಾಳಿಗೆ ಕಣ್ಣು ಉರಿದವು, ಧೂಳಿಗಲ್ಲ. ಗೋವಾದ ಟೆಂಪೊ ಮರುದಿನ ಮುಂಜಾನೆಗೆ ನಿಗದಿಯಾಗಿತ್ತು.

ಸಂಜೆ ಉಡಚವ್ವ ಇದನ್ನೆಲ್ಲ ಕೇಳಿಸಿಕೊಂಡು ಎಲೆಅಡಿಕೆ ಉಗುಳಿ ಬಂದಳು. "ಅಳಬ್ಯಾಡ್ರಿ ಹುಚ್ಚ ಖೋಡಿಗೋಳಾ. ನಾವು ಕಸಾ ಹೊಡದ್ರ ಆಳು ಅಂತಾರ. ಒಲಿ ಹಚ್ಚಿದ್ರ ಹೌಹಾರತಾರ. ನಡೀರಿ ನಾಳೆ, ನಾನೂ ಬರತೀನಿ."

ಬೆಳಿಗ್ಗೆ ಆ ಅಂಗಳದಲ್ಲಿ ಮೂರು ಕಲ್ಲು ಹೂಡಿ ಉಡಚವ್ವ ಒಲೆ ಹಚ್ಚಿದಳು. ಕಡಿದ ಜಾಲಿಯೇ ಕಟ್ಟಿಗೆಯಾಯಿತು. ಹಸಿ ಜಾಲಿಯ ಹೊಗೆ ಗುಡ್ಡದ ಮೇಲಿನವರಿಗೂ ಕಾಣುವಂತೆ ಎದ್ದಿತು. ಕಿಟಕಿಗೆ ಹುಡುಗಿಯರು ಒಗೆದ ಬಟ್ಟೆ ಹಾಕಿದರು. ಕಟ್ಟೆಯ ಮೇಲೆ ಸಾಲಾಗಿ ಕೂತು ವಿಜ್ಞಾನದ ಪಾಠ ಗಟ್ಟಿಯಾಗಿ ಓದತೊಡಗಿದರು. ಎರಡನೆಯ ರೊಟ್ಟಿ ಹೆಂಚಿನ ಮೇಲಿದ್ದಾಗ ಜೀಪು ಬಂತು. ಈ ಸಲ ಸಾಹೇಬರು ಕಿಟಕಿ ಇಳಿಸಲಿಲ್ಲ, ಅವರೇ ಇಳಿದರು.

"ಏನಿದು? ಯಾರ ಪರ್ಮಿಷನ್ ತಗೊಂಡು ಒಲಿ ಹಚ್ಚೀರಿ? ಇದೇನು ನಿಮ್ಮಪ್ಪನ ಮನಿನಾ?"

ಯಶೋಧರಾ ಎದ್ದು ನಿಂತಳು. "ಅಲ್ರಿ ಸಾಹೇಬ್ರ. ಮತ್ತ ಯಾರದ್ರಿ?"

"ಸರ್ಕಾರದ್ದು! ನಮ್ಮ ಕಚೇರಿದು!"

"ಸ್ವಲ್ಪ ಜೋರಾಗಿ ಹೇಳ್ರಿ. ನಮ್ಮವ್ವಗ ಕಿವಿ ಕೇಳಿಸೂದಿಲ್ಲ."

"ನಮ್ಮ ಕಚೇರಿದು ಅಂದ್ನೆಲ್ಲ!"

"ಶ್ರಾವಣದಾಗ ನಿಮ್ಮ ಮೇಜಿನ ಮುಂದ ನಿಂತು ಕೇಳಿದ್ದೆ. ನಮ್ಮದಲ್ಲ ಅಂದಿದ್ರಿ."

ಸಾಹೇಬರು ಮೊದಲ ಬಾರಿಗೆ ಅವಳ ಮುಖ ನೋಡಿದರು. ಗುರುತು ಹತ್ತಿತೋ ಏನೋ, ದನಿ ಅರ್ಧಕ್ಕಿಳಿಯಿತು. "ಅದು… ರಿಕಾರ್ಡ್ ನೋಡಬೇಕಿತ್ತು."

ಆಗಲೇ ಸುಭಾನಸಾಬನ ಟಂಟಂ, ಅದರ ಹಿಂದೆ ಗಂಟುಮೂಟೆ ಹೇರಿಕೊಂಡ ಗೋವಾದ ಟೆಂಪೊ ಬಂದು ನಿಂತವು. ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ ಅವ್ವಂದಿರು ಒಬ್ಬೊಬ್ಬರಾಗಿ ಇಳಿದರು. ಯಮನೂರಪ್ಪ ಹಸನಾದ ಪಡಸಾಲೆ ನೋಡಿದ, ಒಲೆ ನೋಡಿದ, ಓದುವುದನ್ನು ನಿಲ್ಲಿಸದ ಮಗಳನ್ನು ನೋಡಿದ. ಆಮೇಲೆ ಸಾಹೇಬರ ಎದುರು ಬಂದು ನಿಂತ. ಕೈ ಮುಗಿಯಲಿಲ್ಲ.

"ಈ ಮನಿ ನಿಮ್ಮದೇನ್ರಿ?"

"ಹೌದಪಾ. ಸರ್ಕಾರದ್ದು. ಖಾಲಿ ಮಾಡಸಬೇಕು."

"ಹುಡುಗ್ಯಾರ ಸಲುವಾಗಿ ಕಟ್ಟಿಸಿದ್ದಾ?"

"ಹೌದು, ಖರೇ, ಆದ್ರ…"

"ಇವ್ರು ಹುಡುಗ್ಯಾರ ಅದಾರ್ರಿ. ನಿಮ್ಮ ಮನಿಯಾಗ, ನಿಮ್ಮ ಕೈಯಾಗ ಬಿಟ್ಟು ಹೊಂಟೀನಿ. ಹೆಸರು ಹೇಳ್ರಿ ನಿಮ್ದು. ಫೋನ್ ನಂಬರ್ ಹೇಳ್ರಿ."

"ಹಂಗೆಲ್ಲ ಆಗೂದಿಲ್ಲಪಾ. ಮ್ಯಾಲಿನವ್ರನ್ನ ಕೇಳಬೇಕು."

"ಲಗೂ ಕೇಳ್ರಿ. ಇವ್ರು ಎಲ್ಲೂ ಹೋಗೂದಿಲ್ಲ. ನಂಬರ್ ಹೇಳ್ರಿ."

ಸುತ್ತ ಹದಿನೈದಿಪ್ಪತ್ತು ಮಂದಿ ಕೂಡಿದ್ದರು. ಗದ್ದಲವಿಲ್ಲ, ಘೋಷಣೆಯಿಲ್ಲ. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಹೆಬ್ಬೆರಳೂ ಕಾಯುತ್ತಿತ್ತು. ಸಾಹೇಬರು ಜೀಪಿನ ಕಡೆ ನೋಡಿದರು; ಡ್ರೈವರ ಆಗಲೇ ಉಡಚವ್ವನ ಎದುರು ಕುಕ್ಕರಗಾಲಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ಸಾಹೇಬರು ಕೆಮ್ಮಿದರು. ಆಮೇಲೆ ಒಂದೊಂದೇ ಅಂಕಿ ಹೇಳಿದರು.

"ಮಿಸ್ ಕಾಲ್ ಕೊಡತೀನ್ರಿ. ನನ್ನ ನಂಬರ್ ಸೇವ್ ಮಾಡ್ಕೋರಿ. ಯಮನೂರಪ್ಪ, ಶ್ವೇತಾನ ಅಪ್ಪ ಅಂತ."

ಸಾಹೇಬರ ಜೇಬಿನಲ್ಲಿ ಫೋನು ಮೊಳಗಿತು. ನಿಂತಿತು. ಮತ್ತೊಬ್ಬ ಅಪ್ಪನದು. ನಿಂತಿತು. ಆಮೇಲೆ ಒಬ್ಬ ಅವ್ವನದು. ಅವರು ಒಂದೊಂದನ್ನೂ ಎತ್ತಿ ನೋಡಿ, ಕೇಳಿ, ಹೆಸರು ಹಾಕಿಕೊಳ್ಳಬೇಕಾಯಿತು. ಕೊನೆಯದು ಮುಗಿದಾಗ ಅವರ ಹಣೆಯಲ್ಲಿ ಬೆವರಿತ್ತು. ಆಮೇಲೆ ತಾವೇ ಒಂದು ನಂಬರು ಒತ್ತಿದರು.

"ಹಲೋ, ಲೈನ್‌ಮನ್ ಎಲ್ಲದಾನ? ಲಕ್ಕಲಕಟ್ಟಿ ರೋಡಿನ ನಮ್ಮ ಹಾಸ್ಟೆಲ್ಲಿಗೆ ಕಳಸು ಅವ್ನ. ಹಾಂ, ನಮ್ದ. ಇವತ್ತ. ಹುಡುಗ್ಯಾರು ಬಂದಾರ."

ಯಮನೂರಪ್ಪ ಟೆಂಪೊದಿಂದ ಒಂದು ಟ್ರಂಕು ಇಳಿಸಿ ಪಡಸಾಲೆಯಲ್ಲಿಟ್ಟ. ಮಗಳ ತಲೆಯ ಮೇಲೆ ಒಮ್ಮೆ ಅಂಗೈ ಒತ್ತಿ, ಹೋಗಿ ಹತ್ತಿದ. ಟೆಂಪೊ ಹೊರಟಿತು. ಶ್ವೇತಾ ಹಾದಿಯ ತಿರುವಿನ ತನಕ ನೋಡಿದಳು. ಅಷ್ಟರಲ್ಲಿ ಒಳಗಿನಿಂದ ಜಗಳ ಕೇಳಿಸಿತು: ಕಿಟಕಿಯ ಬಗಲಿನ ಜಾಗ ಯಾರದು ಎಂದು. ಅವಳು ಕಣ್ಣೊರೆಸಿಕೊಂಡು ಟ್ರಂಕು ಎಳೆಯುತ್ತ ಒಳಗೆ ಓಡಿದಳು.

"ಏ, ಸರೀರೇ ಅತ್ಲಾಗ! ಆ ಜಾಗಾ ನಂದು!"