ಐದನೆಯ ಗಂಟು

ಮಗನ ಸುದ್ದಿ ಕೇಳಿದ ಮೇಲೂ ಬುಡನ್ ಸಾಬರು ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. ಎದುರಿಗೆ ಮಧುಗಿರಿ ಬಸ್ಸಿನ ಕಂಡಕ್ಟರ್ ಪರ್ವತಯ್ಯ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಸ್ಟ್ಯಾಂಡಿನಲ್ಲಿ ಜನ ತುಂಬಿದ ಬಸ್ಸನ್ನು ಬಿಟ್ಟು ಅವನು ಸಿರಾ ಪೇಟೆಯ ಈ ಕಲಾಯಿ ಅಂಗಡಿಯವರೆಗೆ ನಡೆದು ಬಂದಿದ್ದ.

"ಸಾಬ್ರೇ, ಬೆಂಕಿ ಆರ್ಸಿ. ಮನೆಗೋಗನ."

"ಹಂಡೆ ಕಾದಿದೆ. ತವರ ಹಚ್ಚಿಬಿಡ್ತೀನಿ."

"ಮುಕ್ತಾರಣ್ಣ ಇನ್ನಿಲ್ಲ ಸಾಬ್ರೇ. ಬಡವನಹಳ್ಳಿ ತಾವ ಓಬಯ್ಯನ ಬಾವೀಗೆ ಎಂಜಿನ್ ರಿಪೇರಿಗೆ ಇಳಿದಿದ್ರಂತೆ. ಒಳಗೆ ಗಾಳಿ ಕೆಟ್ಟಿತ್ತಂತೆ. ಗಾಡೀಲಿ ತರ್ತಾವ್ರೆ."

"ಕೇಳಿಸ್ತು ಅಪ್ಪ, ಒಂದು ಸಲ ಹೇಳಿದೆಯಲ್ಲ," ಎಂದರು ಸಾಬರು. ನವಸಾಗರದ ಪುಡಿ ಉದುರಿಸಿದರು. ಬಿಳಿ ಹೊಗೆ ಎದ್ದಿತು. ಹತ್ತಿಯ ಉಂಡೆಯಿಂದ ಕರಗಿದ ತವರವನ್ನು ಹಂಡೆಯ ಒಳಮೈಗೆ ತಿಕ್ಕುತ್ತ ಹೋದರು. ಅರ್ಧ ಬೆಳ್ಳಗಾಗುವ ಹೊತ್ತಿಗೆ ಕೈ ತಾನಾಗಿಯೇ ನಿಂತುಹೋಯಿತು. ಆ ಹಂಡೆ ಹಾಗೆಯೇ ಮೂಲೆ ಸೇರಿತು.

ಸೂರ್ಯ ಮುಳುಗುವ ಮೊದಲು ಮಣ್ಣು ಮಾಡಿದರು. ಅರವತ್ತೆರಡನೆಯ ಇಸವಿಯ ಬೇಸಿಗೆ ಅದು. ಮುಕ್ತಾರನಿಗೆ ಮೂವತ್ತೊಂಬತ್ತು ವರ್ಷ.

ಹತ್ತೊಂಬತ್ತಕ್ಕೆ ಅವನು ಬೆಂಗಳೂರಿಗೆ ಹೋಗಿ ಸೈನ್ಯದ ಸ್ಯಾಪರ್ ಪಲ್ಟನ್ ಸೇರಿದ್ದ. ಸೇತುವೆ ಕಟ್ಟಿದ, ಪೈಪು ಹಾಸಿದ, ಬರ್ಮಾದ ಕಾಡಿನಲ್ಲಿ ಪಂಪು ನಡೆಸಿದ. ಹದಿನೈದು ವರ್ಷದ ಮೇಲೆ ಒಂದು ಟ್ರಂಕು, ಒಂದು ಲಾಟೀನು, ಕೆಂಪು ರಟ್ಟಿನ ಒಂದು ಪುಸ್ತಕ ಹಿಡಿದು ಊರಿಗೆ ಬಂದ. ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಏನು ಬರೆದಿದೆಯೆಂದು ಶಾಲೆಯ ಮೇಷ್ಟರು ಓದಿ ಹೇಳಿದ್ದರು: ಎಂಜಿನ್ ಫಿಟ್ಟರ್, ಎರಡನೆಯ ದರ್ಜೆ. ಕೆಳಗೆ ಸಾಹೇಬರ ಕೈಬರಹದಲ್ಲಿ, ಎಚ್ಚರಿಕೆಯ ಕೆಲಸಗಾರ. ಬುಡನ್ ಸಾಬರು ಆ ಎರಡು ಮಾತನ್ನು ಪೇಟೆಯಲ್ಲಿ ಹತ್ತು ಜನಕ್ಕಾದರೂ ಹೇಳಿದ್ದರು.

ಆ ಪುಸ್ತಕ ಹಿಡಿದು ಮುಕ್ತಾರ್ ಒಂದು ವರ್ಷ ಕಚೇರಿಗಳನ್ನು ಸುತ್ತಿದ. ಒಂದು ಕಡೆ ಪಂಪ್ ಡ್ರೈವರ್ ಕೆಲಸ ಖಾಲಿ ಇತ್ತು. ಅಲ್ಲಿನ ಗುಮಾಸ್ತ ಮಹಾಲಿಂಗಯ್ಯನವರು ಕೆಟ್ಟವರಲ್ಲ. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಸ್ಸೆಲ್ಸಿ ಸರ್ಟಿಫಿಕೇಟು?"

"ಇಲ್ಲ ಸ್ವಾಮಿ. ಪಲ್ಟನ್ನಿನಲ್ಲಿ ಎರಡು ಸಾವಿರ ಜನಕ್ಕೆ ನೀರು ಕೊಟ್ಟಿದ್ದೀನಿ."

"ಕುಡಿದವರು ಬದುಕಿದ್ರಾ?" ಎಂದು ಮಹಾಲಿಂಗಯ್ಯನವರು ನಕ್ಕರು.

"ಗುಂಡಿಗೆ ಸತ್ತರು ಸ್ವಾಮಿ. ನೀರಿಗೆ ಒಬ್ಬನೂ ಸಾಯಲಿಲ್ಲ."

ಮಹಾಲಿಂಗಯ್ಯನವರು ನಗು ನಿಲ್ಲಿಸಿ ಪುಸ್ತಕ ಹಿಂದಕ್ಕೆ ಕೊಟ್ಟರು. ರೂಲ್ಸು ಬೇರೆ ಇದೆ ಎಂದರು.

ಆ ವರ್ಷಗಳಲ್ಲಿ ರೈತರು ಎತ್ತಿನಿಂದ ನೀರೆತ್ತುವ ಕಪಿಲೆ ಬಿಚ್ಚಿ ಡೀಸೆಲ್ ಎಂಜಿನ್ ತರುತ್ತಿದ್ದರು. ನೀರು ಆಳದಲ್ಲಿದ್ದ ಕಡೆ ಬಾವಿಯ ಒಳಗೇ ಬಂಡೆ ಕಡಿದು ಜಗಲಿ ಮಾಡಿ ಎಂಜಿನ್ ಕೂರಿಸುತ್ತಿದ್ದರು. ಅದು ಕೆಟ್ಟರೆ ಇಳಿದು ನೋಡುವವರು ಇರಲಿಲ್ಲ. ಮುಕ್ತಾರ್ ಆ ಕೆಲಸ ಹಿಡಿದ, ತಮ್ಮ ನಿಯಾಜ್ ಅಹಮದನಿಗೂ ಕಲಿಸಿದ. ಮೂರು ನಾಲ್ಕು ವರ್ಷದಲ್ಲಿ ಸಿರಾದಿಂದ ಹೊಳವನಹಳ್ಳಿಯವರೆಗೆ ಅವನನ್ನು ಮಿಲಿಟ್ರಿ ಸಾಬ್ರು ಎಂದು ಕರೆಯತೊಡಗಿದರು.

ಅವನದೊಂದು ಕಟ್ಟಳೆ ಇತ್ತು. ಯಾವ ಬಾವಿಗೇ ಆಗಲಿ, ಮೊದಲು ಇಳಿಯುವುದು ಲಾಟೀನು. ಎಂಜಿನ್ನಿನ ಹೊಗೆಯೋ ಕೆಟ್ಟ ಗಾಳಿಯೋ ತಳದಲ್ಲಿ ನಿಂತಿದ್ದರೆ ದೀಪ ಆರುತ್ತದೆ, ದೀಪ ಆರುವ ಕಡೆ ಮನುಷ್ಯನೂ ಉಳಿಯುವುದಿಲ್ಲ. ಆಳ ತಿಳಿಯಲೆಂದು ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿದ್ದ. ಒಬ್ಬ ಹಗ್ಗ ಹಿಡಿದು ದೀಪ ನೋಡಬೇಕು, ಇನ್ನೊಬ್ಬ ಇಳಿಯಲು ಸಜ್ಜಾಗಬೇಕು. "ಹಗ್ಗ ಹಿಡಿದವನು ಹೇಳಬೇಕು, ಇಳಿಯೋನು ನಂಬಬೇಕು," ಎಂದು ನಿಯಾಜನಿಗೆ ಹೇಳುತ್ತಿದ್ದ. "ಪಲ್ಟನ್ನಿನಲ್ಲಿ ಹದಿನೈದು ವರ್ಷ ಹಂಗೇ ಬದುಕಿದೀನಿ."

ಹಗ್ಗ ಹಿಡಿಯುತ್ತಿದ್ದವನು ನಿಯಾಜ್. ಆ ದಿನ ಅವನು ಹೊಳವನಹಳ್ಳಿಯಲ್ಲಿ ಬೇರೊಂದು ಎಂಜಿನ್ ಬಿಚ್ಚಿ ಕುಳಿತಿದ್ದ.

ಕೂಗು ಎದ್ದು ಜನ ಓಡಿ ಬಂದಾಗ ಲಾಟೀನು ಬಾವಿಯ ದಡದ ಮೇಲೆ ಚೆನ್ನಾಗಿ ಉರಿಯುತ್ತಿತ್ತಂತೆ. ದೀಪ ಹಚ್ಚಿದವನು ಅದನ್ನು ಇಳಿಸದೆ ತಾನೇ ಇಳಿದುಬಿಟ್ಟ ಎಂದು ಊರು ತೀರ್ಮಾನಿಸಿತು. ಸಂತೆಯಲ್ಲಿ ಆಡಿಕೊಂಡರು. "ಅಣ್ಣನೇ ಇಂಗೆ ಮಾಡ್ಕಂಡ, ಇನ್ನು ತಮ್ಮ ಎಂಗೋ," ಎಂದರು. ನಿಯಾಜನನ್ನು ಕರೆಯುವವರು ಇಲ್ಲವಾದರು. ಮುಕ್ತಾರನ ಹೆಂಡತಿ ಅಫ್ಜಲುನ್ನೀಸಾ ಒಳಗಿನ ಕೋಣೆಯಿಂದ ಒಂದೇ ಪ್ರಶ್ನೆ ಕೇಳಿದಳು: "ಮಾವ, ಅವರು ದೀಪ ಮರೆಯೋರಾ?"

ಸಾಬರು ಮಗನ ಸಾಮಾನಿನ ಜೊತೆ ಬಂದ ಲಾಟೀನನ್ನು ಅಂಗಡಿಯ ಮೊಳೆಗೆ ತೂಗುಹಾಕಿದ್ದರು. ಅದರ ಹಿಡಿಗೆ ಹಗ್ಗ ಇನ್ನೂ ಬಿಗಿದೇ ಇತ್ತು, ಮುಕ್ತಾರನದೇ ಪಲ್ಟನ್ ಗಂಟು. ಇಳಿಸದೆ ಇದ್ದವನು ಹಗ್ಗ ಏಕೆ ಕಟ್ಟಿದ? ಪ್ರತಿದಿನ ಐದು ಹೊತ್ತಿನ ನಮಾಜಿನ ನಂತರ ಕೈಯೆತ್ತಿದಾಗ ಮಗನಿಗೆ ಶಾಂತಿ ಕೇಳಬೇಕೆಂದುಕೊಳ್ಳುವರು. ನಾಲಗೆಗೆ ಬರುತ್ತಿದ್ದುದು ಮಾತ್ರ ಈ ಪ್ರಶ್ನೆ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ನಾಲ್ಕು ದಿನ ಇರುವಾಗ, ಮಧ್ಯಾಹ್ನ, ಒಬ್ಬ ಹೆಂಗಸು ತಾಮ್ರದ ಚೊಂಬು ಸೆರಗಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಳು. ಮೂವತ್ತು ದಾಟಿದ ವಯಸ್ಸು, ಅಂಚು ಸವೆದ ಸೀರೆ.

"ಕಲಾಯಿ ಆಗಬೇಕಾ ತಾಯಿ?"

"ಊಂ." ಚೊಂಬು ಕೊಟ್ಟು ಕುಳಿತಳು. ಗೋಡೆಯ ಲಾಟೀನು ಕಂಡದ್ದೇ ಅವಳ ಕಣ್ಣು ಅಲ್ಲಿಗೇ ನೆಟ್ಟಿತು. "ನಾನು ಓಬಯ್ಯನ ಎಂಡ್ರು ಸಾಬ್ರೇ. ಕೆಂಪಕ್ಕ."

ಸಾಬರ ಕೈಯ ಇಕ್ಕಳ ನಿಂತಿತು.

"ಅವತ್ತು ಅಗ್ಗ ಇಡಿದಿದ್ದೋಳು ನಾನು," ಎಂದಳು. "ಮನೆಯೋರು ಬಂಡಿ ತರಕೆ ಓಗಿದ್ರು. ಅಣ್ಣ ಲಾಟೀನಿಗೆ ಅಗ್ಗ ಕಟ್ಟಿ ನನ್ನ ಕೈಗೆ ಕೊಟ್ಟು, ಗಂಟು ಎಣಿಸ್ತಾ ಬುಡಮ್ಮ, ಉರೀತೈತೋ ಇಲ್ವೋ ಏಳು ಅಂತು. ಆ ಕಡೆ ತಿರುಗಿ ಸೊಂಟಕ್ಕೆ ಸಾಮಾನು ಬಿಗೀತಿತ್ತು. ಐದನೇ ಗಂಟಿಗೆ ದೀಪ ಆರೋಯ್ತು ಸಾಬ್ರೇ."

"ಆರಿತಾ?"

"ಆರ್ತು."

"ಮತ್ತೆ?"

"ಆ ಬಾವೀಗೆ ಗಂಗೆಪೂಜೆ ಮಾಡಿ ಒಂಬತ್ತು ದಿನ ಆಗಿತ್ತು ಅಷ್ಟೇಯ. ಒಸಾ ಬಾವಿ ಮ್ಯಾಲೆ ದೀಪ ಆರಿದ್ರೆ ಗಂಗಮ್ಮ ಒಲ್ಲೆ ಅಂದಂಗಂತೆ. ನಾನು ಮಕ್ಕಳಿಲ್ಲದೋಳು. ನನ್ನ ಕೈ ಒಳ್ಳೇದಲ್ಲ ಅಂತ ಅತ್ತೆ ಮೊದಲೇ ಅಂತಿದ್ಲು. ದೀಪಾನೂ ನನ್ನ ಕೈಯಾಗೇ ಆರಿತು ಅಂದ್ರೆ ಆ ಮನೇಲಿ ನನ್ನ ಮಡಿಕ್ಕಂತಾರಾ? ಉರೀತೈತೆ ಕಣಣ್ಣ ಅಂದ್ಬುಟ್ಟೆ. ಅಣ್ಣ ಇತ್ಲಾಗಿ ತಿರುಗೋದ್ರೊಳಗೆ ಮೇಲಕ್ಕೆಳಕ್ಕಂಡು, ಬಾವಿ ತಾವಿದ್ದ ಒಲೆ ಕೆಂಡದಾಗೆ ಮತ್ತೆ ಅಚ್ಚಿ ಇಟ್ಟೆ. ದೀಪ ಆರಿದ್ರೆ ಮನುಷ್ಯ ಸಾಯ್ತಾನೆ ಅಂತ ನಂಗೆ ತಿಳೀದು. ಪೂಜೆಗೇ ಇಳಿಸ್ತಾರೆ ಅಂದ್ಕಂಡಿದ್ದೆ."

"ಅವನು ಕೇಳಲಿಲ್ವಾ, ಇನ್ನೊಂದು ಸಲ?"

"ಇಲ್ಲ ಸಾಬ್ರೇ. ಸರಿ ತಾಯಿ ಅಂತ ಇಳೀತು. ತಿರುಗೂ ನೋಡಲಿಲ್ಲ."

ಸಾಬರು ಇಕ್ಕಳವನ್ನು ಕೆಳಗಿಟ್ಟರು. ಈ ಹೆಂಗಸನ್ನು ಕೈಹಿಡಿದು ಎಳೆದುಕೊಂಡು ಹೋಗಿ ಸಂತೆಯ ನಡುವೆ ನಿಲ್ಲಿಸಬೇಕು ಎನ್ನಿಸಿತು. ಅವಳ ಕಾಲಿನ ಕಡೆ ನೋಡಿದರು. ಮಂಡಿಯವರೆಗೆ ಧೂಳು. ಬಸ್ಸಿನಲ್ಲಿ ಬಂದವಳಲ್ಲ.

"ಗಂಡನಿಗೆ ಗೊತ್ತಾ?"

"ಇಲ್ಲ. ನೀವು ಏಳು ಅಂದ್ರೆ ಸಂತೇಲಿ ನಿಂತು ಏಳ್ತೀನಿ."

ಚೊಂಬನ್ನು ಬೆಂಕಿಯ ಮೇಲಿಟ್ಟು ಸಾಬರು ಬಹಳ ಹೊತ್ತು ತಿದಿ ಒತ್ತಿದರು. ಕಲಾಯಿ ಮುಗಿದು, ನೀರಿನಲ್ಲಿ ಅದ್ದಿ, ಒರೆಸಿ ಅವಳ ಮುಂದೆ ಇಟ್ಟ ಮೇಲೆ ಬಾಯಿ ತೆರೆದರು.

"ಸಂತೆ ಬೇಡ ತಾಯಿ. ನಿಮ್ಮ ಎಂಜಿನ್ ಇನ್ನೂ ಬಾವಿಯಲ್ಲೇ ಇದೆಯಲ್ಲ, ನಿಯಾಜ್ ಬಂದು ನೋಡ್ತಾನೆ. ಅವತ್ತು ಹಗ್ಗ ನೀನೇ ಹಿಡಿ. ಕಂಡದ್ದು ಹೇಳು. ಅಷ್ಟೇ ಸಾಕು."

ಬೇರೆ ಯಾರೂ ಇಳಿಯಲು ಒಪ್ಪದ ಕಾರಣ ಓಬಯ್ಯ ನಿಯಾಜನನ್ನು ಬೇಡ ಎನ್ನಲಿಲ್ಲ. ಮೂರು ದಿನದ ಮೇಲೆ ಅಪ್ಪ ಮಗ ಬಡವನಹಳ್ಳಿಯಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದರು. ಬಾವಿಯ ಹತ್ತಿರ ಐದಾರು ಜನ ಸೇರಿದ್ದರು. ಊರಿನ ಹಿರಿಯ ಸಣ್ಣರಂಗಯ್ಯ ಬೀಡಿ ಹಚ್ಚುತ್ತ, "ನಿಮ್ಮಣ್ಣನಂಗೆ ಮಾಡ್ಬ್ಯಾಡ ಕಣಪ್ಪ. ದೀಪ ಇಳ್ಸಿ ನೋಡ್ಕ," ಎಂದ. ನಿಯಾಜನ ಮುಖ ಕಪ್ಪಿಟ್ಟಿತು. ಸಾಬರು ಮಗನ ತೋಳು ಮುಟ್ಟಿದರು.

ಲಾಟೀನು ಹಚ್ಚಿದ್ದಾಯಿತು. ಕೆಂಪಕ್ಕ ಮುಂದೆ ಬಂದು ಹಗ್ಗ ತೆಗೆದುಕೊಂಡಳು.

"ಲೇ, ನಿಂಗ್ಯಾಕೆ, ಇತ್ಲಾಗಿ ಬಾ," ಎಂದ ಓಬಯ್ಯ.

ಅವಳು ಕದಲಲಿಲ್ಲ. ಒಂದು ಗಂಟು ಅವಳ ಬೆರಳ ನಡುವೆ ಜಾರಿತು. ಎರಡು. ಮೂರು. ನಾಲ್ಕರಲ್ಲಿ ಬೆಳಕು ಕುಗ್ಗಿತು. ಐದನೆಯದಕ್ಕೆ ಬಾವಿ ಕಪ್ಪಗಾಯಿತು.

"ಆರ್ತು," ಎಂದಳು ಕೆಂಪಕ್ಕ, ಎಲ್ಲರಿಗೂ ಕೇಳುವಂತೆ. "ಅವತ್ತೂ ಐದನೇ ಗಂಟಿಗೇ ಆರಿತ್ತು. ಆ ಅಣ್ಣ ಕೇಳ್ತು. ಉರೀತೈತೆ ಅಂತ ಸುಳ್ಳೇಳಿದೋಳು ನಾನು."

"ಏನಂದೆ?" ಎಂದ ಓಬಯ್ಯ.

ಅವಳು ಮತ್ತೊಂದು ಸಲ ಅದೇ ಮಾತನ್ನು ಹೇಳಿದಳು. ಸಣ್ಣರಂಗಯ್ಯನ ಬೀಡಿ ಬೆರಳಲ್ಲೇ ಸುಟ್ಟಿತು. ಓಬಯ್ಯ ಹೆಂಡತಿಯನ್ನು ನೋಡಿದ, ಬಾವಿಯನ್ನು ನೋಡಿದ. ಆಮೇಲೆ ಊರಿನ ಕಡೆ ನಡೆದುಬಿಟ್ಟ. ಅವನು ಮನೆಗೆ ಹೋಗಿ ಏನು ಮಾಡುವನೆಂದು ಅಲ್ಲಿದ್ದ ಯಾರಿಗೂ ತಿಳಿಯದು.

ನಿಯಾಜ್ ಹೊಂಗೆ ಸೊಪ್ಪಿನ ದೊಡ್ಡ ಕಂತೆ ಕಟ್ಟಿ ಬಾವಿಗೆ ಇಳಿಸಿ, ಒಳಗಿನ ಗಾಳಿ ಕದಡುವಂತೆ ಮೇಲೆ ಕೆಳಗೆ ಎಳೆಯತೊಡಗಿದ. ಅಣ್ಣ ಕಲಿಸಿದ ಹಾಗೆಯೇ, ನೂರು ಸಲ. ಸೊಪ್ಪಿನ ಸದ್ದೊಂದೇ ಕೇಳುತ್ತಿತ್ತು. ಕೆಂಪಕ್ಕ ಆರಿದ ಲಾಟೀನನ್ನು ಮೇಲಕ್ಕೆಳೆದು ಎದೆಗೊತ್ತಿಕೊಂಡು ನಿಂತಿದ್ದಳು.

ಬುಡನ್ ಸಾಬರು ನಾಲ್ಕು ಹೆಜ್ಜೆ ದೂರ ಹೋಗಿ, ಹೆಗಲ ವಸ್ತ್ರವನ್ನು ತಲೆಗೆ ಹಾಕಿಕೊಂಡು, ಪಡುವಲಕ್ಕೆ ತಿರುಗಿ ಎರಡೂ ಕೈ ಎತ್ತಿದರು. ನಲವತ್ತು ದಿನದಲ್ಲಿ ಮೊದಲ ಸಲ ಅವರ ನಾಲಗೆಗೆ ಪ್ರಶ್ನೆ ಬರಲಿಲ್ಲ.

"ಯಾ ಅಲ್ಲಾಹ್, ನನ್ನ ಮಗ ಮುಕ್ತಾರ್ ಬೇರೆಯವರ ಮಾತು ನಂಬಿ ಇಳಿದ. ಅವನ ತಪ್ಪಿದ್ದರೆ ಮನ್ನಿಸು. ಅವನ ಕಬರನ್ನು ಅಗಲ ಮಾಡು, ಅಲ್ಲಿ ಒಳ್ಳೆಯ ಗಾಳಿ ಬೀಸಲಿ, ಬೆಳಕು ಆರದಿರಲಿ. ದಣಿದಿದ್ದಾನೆ, ಅವನಿಗೆ ಶಾಂತಿ ಕೊಡು. ಆಮೀನ್."