ಒಂಟಿ ಕಾಲ್ಮರಿ

ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಇಳಿಯುವಾಗ ಹಿಂದಿನವರು ನೂಕಿದರು. ತಂಗೆವ್ವ ಕಂಬಿ ಹಿಡಿಯುವುದನ್ನು ಬಿಟ್ಟು ಕಂಕುಳಿನ ಚೀಲವನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಬಿದ್ದಿದ್ದರೆ ಮೊಣಕಾಲು ಒಡೆಯುತ್ತಿತ್ತೇ ಹೊರತು ಚೀಲ ಕೈಬಿಡುತ್ತಿರಲಿಲ್ಲ. ಅದರಲ್ಲಿದ್ದದ್ದು ಗಂಡಸರ ಕೊಲ್ಹಾಪುರಿ ಚಪ್ಪಲಿ, ಬಲಗಾಲಿನದು, ಒಂದೇ ಒಂದು. ಸಾವಿನ ಮನೆಗೆ ಹಾರ ಒಯ್ಯುವವರುಂಟು, ಊದಿನಕಡ್ಡಿ ಒಯ್ಯುವವರುಂಟು. ಚಪ್ಪಲಿ ಒಯ್ಯುವವಳು ತಾನೊಬ್ಬಳೇ ಇರಬೇಕು ಅನಿಸಿ ಅವಳಿಗೆ ನಗು ಬರುವಂತಾಯಿತು, ಬರಲಿಲ್ಲ.

ಯಲ್ಲೇಶ ತೀರಿಕೊಂಡನೆಂದು ಬೆಳಿಗ್ಗೆ ಇಚಲಕರಂಜಿಗೆ ಫೋನು ಬಂದಿತ್ತು. ಅವನು ಅವಳ ಗಂಡನ ಕಾಕಾನ ಮಗ, ಅಂದರೆ ಮೈದುನ. ಅವಳ ಗಂಡ ತೀರಿದ ಮೇಲೆ, ಒಂದು ಕಾಲಕ್ಕೆ ಅವಳಿಗೆ ಗಂಡನೇ ಆಗಬೇಕಿದ್ದವನು, ಆಗಲೊಲ್ಲೆ ಅಂದವನು. ಫೋನು ಇಟ್ಟ ಮೇಲೆ ತಂಗೆವ್ವ ಅಳಲಿಲ್ಲ. ಅಟ್ಟದ ಮೇಲಿನ ಡಬ್ಬಿ ಸರಿಸಿ, ಹಿಂದೆ ಬಿದ್ದಿದ್ದ ಆ ಚಪ್ಪಲಿಯನ್ನು ಧೂಳು ಕೂಡ ಒರೆಸದೆ ಚೀಲಕ್ಕೆ ಹಾಕಿದಳು. ಸತ್ತವನ ಬಟ್ಟೆಬರೆ, ಹಾಸಿಗೆ, ಮೆಟ್ಟುವ ಕಾಲ್ಮರಿ ಎಲ್ಲ ಗಂಟು ಕಟ್ಟಿ, ಚಟ್ಟದ ಹಿಂದೆ ಒಯ್ದು ಹೊಳೆದಂಡೆಯಲ್ಲಿ ಬಿಟ್ಟು ಬರುವುದು ಅವರ ಕಡೆಯ ವಾಡಿಕೆ. ಆ ಗಂಟಿನಲ್ಲಿ ಇದೂ ಹೋಗಲಿ, ಅವನದು ಅವನ ಹಿಂದೆಯೇ ತೊಲಗಲಿ ಎಂಬುದು ಅವಳ ಹಟ. ಇಷ್ಟು ವರ್ಷವಾದರೂ ಆ ಸಿಟ್ಟು ಆರಿರಲಿಲ್ಲ.

ಮನೆ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಯಲ್ಲೇಶ ಇದ್ದದ್ದು ಅಕ್ಕ ಸಾವಕ್ಕನ ಆಸರೆಯಲ್ಲಿ. ಫ್ಯಾನು, ಮಿಕ್ಸರ್ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದ, ಮದುವೆಯಾಗಲಿಲ್ಲ. ಪಡಸಾಲೆಯಲ್ಲಿ ಮಲಗಿಸಿದ್ದರು. ಹುಬ್ಬಿನ ಮೇಲಿನ ಗಾಯದ ಕಲೆ ಹಾಗೇ ಇತ್ತು. ಹಿಂದೆ ಇಚಲಕರಂಜಿಯಲ್ಲಿ ಮಗ್ಗದಿಂದ ಲಾಳಿ ಹಾರಿ ಬಡಿದಾಗ ಆದದ್ದು ಅದು, ಆ ದಿನ ಅರಿಶಿನ ಒತ್ತಿದವಳು ತಂಗೆವ್ವನೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇದೆಲ್ಲ ಬೆಳ್ಳಗಾಗುವಾಗ ತಾನು ನೋಡಲೇ ಇಲ್ಲವಲ್ಲ ಅಂದುಕೊಂಡಳು.

ಸಾವಕ್ಕ ಅಳು ನಿಲ್ಲಿಸಿ ತಲೆಯೆತ್ತಿದಳು.

"ಬಂದಿ? ಇರೂತನಕ ಒಂದ ದಿನಾ ಈ ಮನಿ ಹೊಸ್ತಲಾ ತುಳೀಲಿಲ್ಲ. ಇಂದ ಬಂದಿ."

ತಂಗೆವ್ವ ಗೋಡೆಗೆ ಆನಿಕೊಂಡು ಕುಳಿತಳು. ಸಾವಕ್ಕ ಬಿಡಲಿಲ್ಲ. ಪಕ್ಕದ ಹೆಂಗಸರಿಗೆ ಕೇಳುವಂತೆ, ತಮ್ಮ ಹೇಗೆ ಮಗ್ಗ ಬಿಟ್ಟು ಬಂದ, ಎಷ್ಟು ಕಡೆಯಿಂದ ಹೆಣ್ಣು ಬಂದರೂ ಹೇಗೆ ತಲೆ ಅಲ್ಲಾಡಿಸಿದ ಎಂದೆಲ್ಲ ಹೇಳಿಕೊಂಡು ಕೊನೆಗೆ ಇವಳತ್ತ ತಿರುಗಿದಳು.

"ನೀ ಅಂವನ ಕೂಡ ಉಡಕಿ ಮದವಿ ಒಲ್ಲೆ ಅಂದಿ. ಅಲ್ಲಿಗೆ ಅಂವಂದ ಮುಗೀತು."

"ಮೊದಲ ಒಲ್ಲೆ ಅಂದಾಂವ ಅಂವ, ಅಕ್ಕಾ. ನಾ ಅಲ್ಲ."

"ಹೆಣದ ಮುಂದ ಕುಂತ ಸುಳ್ಳ ಹೇಳಬ್ಯಾಡ ತಂಗೆವ್ವಾ," ಎಂದು ಸಾವಕ್ಕ ಮುಖ ತಿರುಗಿಸಿದಳು.

ಸುಳ್ಳಲ್ಲ ಎಂಬುದಕ್ಕೆ ಸಾಕ್ಷಿ ಕಂಕುಳಲ್ಲೇ ಇತ್ತು. ಆದರೆ ಹತ್ತು ಜನರ ನಡುವೆ ಚಪ್ಪಲಿ ತೆಗೆದು ತೋರಿಸಲು ಯಾರಿಗೆ ಕೈ ಬರುತ್ತದೆ?

*

ಗಂಡ ಕಾಮಾಲೆಯಲ್ಲಿ ಹೋದಾಗ ತಂಗೆವ್ವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ಇಚಲಕರಂಜಿಯಲ್ಲಿ ಜಿನಮತಿಬಾಯಿಯವರ ಮನೆಯ ಹಿಂದಿನ ಕರೆಂಟು ಮಗ್ಗದ ಶೆಡ್ಡಿನಲ್ಲಿ ಅವಳು ಕಂಡಿ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ನೂಲಿನ ಕಂಡಿ. ಯಲ್ಲೇಶ ಅದೇ ಶೆಡ್ಡಿನಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದ.

ಜಿನಮತಿಬಾಯಿ ಶಿರೋಳದ ಕಡೆಯ ಜೈನರ ಹೆಣ್ಣುಮಗಳು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ, ಗಡ್ಡೆಗೆಣಸು ಮುಟ್ಟದ ಮನೆಯ ಸೊಸೆ. ಆಕೆಗೊಂದೇ ಹುಚ್ಚು. ಕೊಲ್ಹಾಪುರದ ಬಾಡಿಗೆ ವಾಚನಾಲಯದಿಂದ ಮರಾಠಿ ಕಾದಂಬರಿ ತರಿಸುವುದು, ಅದರಲ್ಲೂ ಬೈಬಲ್ಲಿನ ಕಾಲದ, ಹಳೆಯ ಇಸ್ರಾಯೇಲ ದೇಶದ ಪ್ರೇಮಕತೆಯೇ ಬೇಕು. ಒಂಟೆ, ಡೇರೆ, ಬಾವಿ, ಬಾವಿಯ ಹತ್ತಿರ ಒಬ್ಬ ಹುಡುಗಿ. ಪುರಾಣ ಬಿಟ್ಟು ಇದೇನು ಓದುತ್ತೀ ಎಂದು ಅತ್ತೆ ಗೊಣಗುತ್ತಿದ್ದಳು. ಜಿನಮತಿಬಾಯಿ ಹೂಂ ಅನ್ನುತ್ತಲೇ ಹಾಳೆ ತಿರುವುತ್ತಿದ್ದಳು.

ಮಗ್ಗ ನಡೆಯುವಾಗ ಶೆಡ್ಡಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಹಾಗಾಗಿ ಓದು ನಡೆಯುತ್ತಿದ್ದದ್ದು ಲೈಟು ಹೋದಾಗ ಮಾತ್ರ. ಮಗ್ಗಗಳು ಗಕ್ಕನೆ ನಿಂತ ಕೂಡಲೇ ಜಿನಮತಿಬಾಯಿ ಪುಸ್ತಕ ಹಿಡಿದು ಹಿಂಬಾಗಿಲಿಗೆ ಬರುವಳು. ಮರಾಠಿ ನೋಡಿಕೊಂಡು ಬಾಯಲ್ಲಿ ಕನ್ನಡ ಮಾಡಿ ಹೇಳುವಳು. ಹೆಂಗಸರು ಸುತ್ತ ಕೂರುವರು. ಯಲ್ಲೇಶ ಸ್ವಲ್ಪ ದೂರದಲ್ಲಿ ನೂಲಿನ ಮೂಟೆಯ ಮೇಲೆ ಕುಳಿತು, ಕೇಳುತ್ತಿಲ್ಲವೆಂಬಂತೆ ಮಗ್ಗದ ನಟ್ಟು ಬಿಗಿಯುವ ಪಾನಾ ಒರೆಸುತ್ತ ಒಂದಕ್ಷರ ಬಿಡದೆ ಕೇಳುವನು. ಊರವರೆಲ್ಲ ಲೈಟು ಹೋಯಿತೆಂದು ಬೈಯುವಾಗ ಆ ಶೆಡ್ಡಿನಲ್ಲಿ ಮಾತ್ರ ಲೈಟು ಬಂತೆಂದು ಬೈಯುತ್ತಿದ್ದರು.

ಆ ವರ್ಷ ನಡೆದದ್ದು ತಿರ್ಜಾ ಎಂಬ ವಿಧವೆಯ ಕತೆ. ಅವಳಿಗೂ ಮಕ್ಕಳಿಲ್ಲ. ಜವೆ ಹೊಲದ ಒಡೆಯ ಎಲಾಸಾ ಎಂಬವನಿಗೆ ಅವಳ ಮೇಲೆ ಮನಸ್ಸು. ಆದರೆ ಆ ದೇಶದಲ್ಲಿ ಗಂಡ ಸತ್ತವಳ ಕೈ ಹಿಡಿಯುವ ಮೊದಲ ಹಕ್ಕು ಗಂಡನ ಹತ್ತಿರದ ಸಂಬಂಧಿಕನದು. ನಮ್ಮ ಉಡಕಿ ಇದ್ದಂಗ ಬಿಡ್ರಿ ಎಂದು ಹೆಂಗಸೊಬ್ಬಳು ಅಂದಾಗ ಉಳಿದವರು ತಂಗೆವ್ವನನ್ನೂ ಮೂಟೆಯ ಮೇಲಿನವನನ್ನೂ ನೋಡಿ ನಕ್ಕಿದ್ದರು. ಆ ಹೊತ್ತಿಗೆ ಊರ ಹಿರಿಯರು ಕೂಡಿ, ತಂಗೆವ್ವನಿಗೆ ಯಲ್ಲೇಶನ ಕೈಯಲ್ಲಿ ಸೀರೆ ಉಡಿಸಿ ಸಂಸಾರ ಹೂಡಿಸುವುದೆಂದು ಮಾತು ಎತ್ತಿದ್ದರು. ಇಬ್ಬರೂ ವಿಚಾರ ಮಾಡಿ ಹೇಳಿರಿ ಎಂದಿದ್ದರು. ತಂಗೆವ್ವನ ವಿಚಾರ ಎಂದೋ ಮುಗಿದಿತ್ತು. ಅವನು ಬಾಯಿ ಬಿಡಲೆಂದು ಕಾದಿದ್ದಳು. ಅವನೋ, ಅವಳೆದುರು ನೀರು ಕೇಳಲೂ ನಾಚುವ ಮನುಷ್ಯ.

ಕತೆ ಊರ ಬಾಗಿಲಿಗೆ ಬಂದ ದಿನ ತಂಗೆವ್ವನಿಗೆ ನಿನ್ನೆಯಷ್ಟು ನೆನಪಿದೆ. ಹಿರಿಯರು ಕೂತಿದ್ದಾರೆ, ಎದುರಿಗೆ ಆ ಸಂಬಂಧಿಕ ಮತ್ತು ಎಲಾಸಾ. ಎಲ್ಲರ ಮುಂದೆ ಒಬ್ಬನು ಬಗ್ಗಿ ತನ್ನ ಕಾಲ್ಮರಿ ಬಿಚ್ಚಿ ಕೈಗೆ ತೆಗೆದುಕೊಂಡ. ಜಿನಮತಿಬಾಯಿ ಅಲ್ಲಿ ಹಾಳೆ ತಿರುವಿದಳು. ಮುಂದೆ ಓದಿದ್ದು ಇದು: ಬಿಚ್ಚಿದವನು ಸಂಬಂಧಿಕ. 'ಇವಳು ನನಗೆ ಬೇಡ, ಹಕ್ಕು ಬಿಟ್ಟುಕೊಟ್ಟೆ' ಎನ್ನುವುದಕ್ಕೆ ಆ ದೇಶದಲ್ಲಿ ಒಂದು ಕಾಲ್ಮರಿ ಬಿಚ್ಚಿ ಕೊಡುವ ಪದ್ಧತಿ. ಕೊಟ್ಟ ಮೇಲೆ ತಿರ್ಜಾ ಎಲಾಸಾನ ಹೆಂಡತಿಯಾದಳು. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅದಾಗಿ ವಾರವಾಗಿರಲಿಲ್ಲ. ಬೆಳಗಾಗಿ ತಂಗೆವ್ವ ಕಸ ಹೊಡೆಯಲು ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಒಂದು ಹೊಸ ಕೊಲ್ಹಾಪುರಿ, ಬಲಗಾಲಿನದು. ಒಬ್ಬಂಟಿ ಹೆಣ್ಣಿನ ಬಾಗಿಲಿಗೆ ಚಪ್ಪಲಿ! ಬೇರೆಯವರಾಗಿದ್ದರೆ ಯಾರೋ ಕಿಡಿಗೇಡಿಗಳು ಅನ್ನುತ್ತಿದ್ದರು. ಅವಳಿಗೆ ಮಾತ್ರ ಅರ್ಥ ನೆಟ್ಟಗೆ ಎದೆಗೆ ನಾಟಿತು. ಬಾಯಿಂದ ಬೇಡ ಅನ್ನುವಷ್ಟೂ ಮರ್ಯಾದೆ ಕೊಡದೆ ಹೀಗೆ ಹೇಳಿದನೇ ಎಂದು ಉರಿದುಹೋದಳು. ಅದೇ ದಿನ ಹಿರಿಯರಿಗೆ ಹೇಳಿ ಕಳಿಸಿದಳು, ನನಗೆ ಉಡಕಿ ಬೇಡ ಎಂದು. ಮುಂದಿನ ಪಗಾರ ಮುಟ್ಟುವ ಮೊದಲೇ ಯಲ್ಲೇಶ ಮಗ್ಗ ಬಿಟ್ಟು ಗಡಹಿಂಗ್ಲಜಕ್ಕೆ ಹೋದ. ಚಪ್ಪಲಿಯನ್ನು ಗಟಾರಕ್ಕೆ ಎಸೆಯಲು ಒಯ್ದವಳು ಎಸೆಯಲಾಗದೆ ತಂದು ಅಟ್ಟಕ್ಕೆ ಹಾಕಿದಳು.

ಯಲ್ಲೇಶ ಮತ್ತೊಮ್ಮೆ ಸಿಕ್ಕಿದ್ದು ಹುಪರಿಯಲ್ಲಿ, ಸಂಬಂಧಿಕರ ಮದುವೆಯ ಪಂಕ್ತಿಯಲ್ಲಿ. ಅವನು ಬುಂದಿ ಬಡಿಸುತ್ತ ಬಂದು, ಅವಳ ಎಲೆಯ ಮುಂದೆ ನಿಂತು, ತಲೆ ಬಗ್ಗಿಸಿಯೇ ಕೇಳಿದ್ದ.

"ವೈನಿ, ಕಾಲ್ಮರಿ ಸಿಕ್ಕಿತ್ತಲ್ರಿ ನಿಮಗ?"

"ಸಿಕ್ಕಿತ್ತು. ತಿಳೀತು," ಅಂದಿದ್ದಳು ತಂಗೆವ್ವ.

ಅವನು ಮುಂದಿನ ಎಲೆಗೆ ಹೋಗಿದ್ದ.

*

ಹೊರಗೆ ಚಟ್ಟ ಸಿದ್ಧವಾಗಿತ್ತು. ಗಂಟು ಕೊಡಿರೆಂದು ಗಂಡಸರು ಕೂಗುತ್ತಿದ್ದರು. ಸಾವಕ್ಕನ ಮಗಳು ಸಪನಾ ಒಳಕೋಣೆಯಲ್ಲಿ ಮಾಮಾನ ಅಂಗಿ, ಧೋತರ, ಚಾದರ ಒಟ್ಟು ಮಾಡುತ್ತಿದ್ದಳು. ತಂಗೆವ್ವ ಚೀಲ ಹಿಡಿದು ಒಳಗೆ ಹೋದಳು. ಚಾದರದ ಮಡಿಕೆಯಲ್ಲಿ ಸದ್ದಿಲ್ಲದೆ ತುರುಕಿಬಿಡಬೇಕು, ಮುಗಿಯಿತು.

ಸಪನಾ ಕೈಯಲ್ಲೊಂದು ಚಪ್ಪಲಿ ಹಿಡಿದು ಯೋಚನೆಯಲ್ಲಿ ಬಿದ್ದಿದ್ದಳು. ಕೊಲ್ಹಾಪುರಿ, ಎಡಗಾಲಿನದು.

"ನೋಡ್ರಿ ಮಾಮಿ, ಇದನ್ನ ಗಂಟಿನ್ಯಾಗ ಹಾಕಲ್ಯೋ ಬ್ಯಾಡೋ ತಿಳೀವಲ್ದು. ಮಾಮಾ ಒಂದ ದಿನಾನೂ ಮೆಟ್ಟಲಿಲ್ಲ. ದೀಪಾವಳಿ ಬಂತಂದ್ರ ಎಣ್ಣಿ ಹಚ್ಚಿ ಒರೆಸಿ ಇಡತಿದ್ದ. ಇನ್ನೊಂದ ಎಲ್ಲೈತಿ ಅಂದ್ರ, ಒಬ್ಬಾಕಿಗೆ ಕೊಟ್ಟೇನಿ ಅಂತಿದ್ದ."

ತಂಗೆವ್ವ ಹತ್ತಿರ ಬಂದು ಕೇಳಿದಳು.

"ಯಾಕ ಕೊಟ್ಟಾನಂತ?"

"ಅದೊಂದ ಕತಿ ಐತ್ರಿ. ಇಸ್ರಾಯೇಲ ದೇಶದ್ದು. ಅಂಗಡಿಗೆ ಬಂದ ಹುಡುಗೋರಿಗೆಲ್ಲಾ ಹೇಳತಿದ್ದ. ಅಲ್ಲಿ ಗಂಡ ಆಗಾಂವ ಹಿರ್ಯಾರ ಮುಂದ ತನ್ನ ಕಾಲ್ಮರಿ ಬಿಚ್ಚಿ ಕೊಡತಾನಂತ. ಆಕಿ ಇಟ್ಕೊಂಡ್ಲಂದ್ರ ಮದವಿ ಆದಂಗ."

"ಯಾರ ಕೊಡತಾರಂದಿ?"

"ಗಂಡ ಆಗಾಂವ್ರಿ. ಕೈ ಹಿಡ್ಯಾಂವ."

ತಂಗೆವ್ವ ಗೋಡೆ ಹಿಡಿದಳು. ಅವಳ ಕಿವಿಯಲ್ಲಿ ಆ ದಿನದ ಶೆಡ್ಡಿನ ಗದ್ದಲ ಮತ್ತೆ ಎದ್ದಿತು. ಒಬ್ಬನು ಬಗ್ಗಿ ತನ್ನ ಕಾಲ್ಮರಿ ಬಿಚ್ಚಿ ಕೈಗೆ ತೆಗೆದುಕೊಂಡ. ಜಿನಮತಿಬಾಯಿ ಹಾಳೆ ತಿರುವಿದಳು. ಆಗ ಲೈಟು ಬಂತು. ಹೌದು, ಆಗಲೇ ಬಂತು. ಮಗ್ಗಗಳು ಗುಡುಗಿದವು. ಯಲ್ಲೇಶ ಮೂಟೆಯಿಂದ ಜಿಗಿದು, ನೂಲು ಹರಿದೀತೆಂದು ಓಡಿದ. ಕಂಡಿಯ ಬುಟ್ಟಿಗಳು ತುಂಬಿದ್ದವು, ಹೆಂಗಸರಿಗೆ ಅವಸರವಿರಲಿಲ್ಲ. ತಲೆಗೆ ತಲೆ ಹಚ್ಚಿ ಕುಳಿತರು, ಜಿನಮತಿಬಾಯಿ ಉಳಿದೆರಡು ಹಾಳೆಯನ್ನು ಗಂಟಲು ಹರಿಯುವಂತೆ ಕೂಗಿ ಓದಿದಳು. ಮಗ್ಗದ ಹತ್ತಿರದಿಂದಲೇ ಅವನು ಕೈಸನ್ನೆಯಲ್ಲಿ ಏನಾಯಿತೆಂದು ಕೇಳಿದ್ದ. ಮದುವೆಯಾಯಿತೆಂದು, ಕೊರಳಿಗೆ ತಾಳಿ ಕಟ್ಟುವ ಸನ್ನೆ ಮಾಡಿ ತೋರಿಸಿದವಳು ತಾನೇ. ಅವನು ಹಲ್ಲು ಕಿಸಿದಿದ್ದ.

ಅವನಿಗೆ ಗೊತ್ತಿದ್ದದ್ದು ಅಷ್ಟೇ. ಒಬ್ಬನು ಕಾಲ್ಮರಿ ಬಿಚ್ಚಿದ, ಮದುವೆಯಾಯಿತು.

ಅವನು ಬಾ ಅಂದಿದ್ದ. ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಧೈರ್ಯ ಮಾಡಿ, ಹೊಸ ಜೋಡು ಕೊಂಡು, ಕತ್ತಲಿರುವಾಗಲೇ ಬಂದು ಹೊಸ್ತಿಲ ಮೇಲೆ ಇಟ್ಟು, ಬಾ ಅಂದಿದ್ದ. ತಾನು ಒಂದು ಮಾತು ಕೇಳಲಿಲ್ಲ. ಹುಪರಿಯಲ್ಲಿ ಬುಂದಿಯ ಬುಟ್ಟಿ ಹಿಡಿದು ಅವನು ಮತ್ತೆ ಬಾಗಿಲು ತಟ್ಟಿದಾಗಲೂ 'ತಿಳೀತು' ಅಂದಳು. ಏನು ತಿಳಿದಿತ್ತು?

"ಮಾಮಿ, ಯಾಕ್ರಿ? ನೀರ ಕೊಡ್ಲ್ಯಾ?"

ತಂಗೆವ್ವ ಚೀಲಕ್ಕೆ ಕೈ ಹಾಕಿ ತನ್ನದನ್ನು ತೆಗೆದಳು, ಸಪನಾಳ ಕೈಯಲ್ಲಿದ್ದದ್ದರ ಪಕ್ಕಕ್ಕೆ ಹಿಡಿದಳು. ಸಪನಾ ಎರಡನ್ನೂ ನೋಡಿದಳು, ಅವಳ ಮುಖ ನೋಡಿದಳು. ಕೇಳಬೇಕಾದ್ದೇನೂ ಉಳಿಯಲಿಲ್ಲ. ನೀರು ತರಲೆಂದು ಎದ್ದವಳು ಮತ್ತೆ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡಳು.

ಗಂಟು ಎಲ್ಲಿ ಎಂದು ಹೊರಗಿನಿಂದ ಮತ್ತೆ ಕೂಗಿದರು. ಸಪನಾ ಗಂಟು ಬಿಗಿದು ಬಾಗಿಲಲ್ಲಿ ಕೊಟ್ಟಳು. ಜೋಡನ್ನು ಅದಕ್ಕೆ ಹಾಕಲಿಲ್ಲ. ತಂಗೆವ್ವ ಎರಡನ್ನೂ ಚೀಲಕ್ಕೆ ಸೇರಿಸುತ್ತಿದ್ದಳು.

ಬಾಗಿಲಿಗೆ ಬಂದ ಸಾವಕ್ಕ ಅದನ್ನು ಕಂಡಳು. "ಸತ್ತವರ ಕಾಲ್ಮರಿ ಮನಿಗೆ ಒಯ್ಯಬಾರ್ದವಾ," ಎಂದಳು. ದನಿಯಲ್ಲಿ ಮೊದಲಿನ ಕಾವು ಇರಲಿಲ್ಲ.

"ಸತ್ತವರದಲ್ಲ ಅಕ್ಕಾ. ಇದನ್ನ ಯಾರೂ ಮೆಟ್ಟೇ ಇಲ್ಲ."

ಚಟ್ಟ ಎದ್ದಿತು. ಓಣಿಯ ತಿರುವಿನವರೆಗೆ ಹೆಂಗಸರೆಲ್ಲ ಹಿಂದೆ ಹೋದರು. ತಂಗೆವ್ವ ಎಲ್ಲರಿಗಿಂತ ಮುಂದಿದ್ದಳು. ಮೈದುನನಿಗಾಗಿ ಅಷ್ಟು ಅಳುವುದು ಉಂಟೇ ಎಂದು ಯಾರೋ ಅಂದದ್ದು ಅವಳಿಗೆ ಕೇಳಿತು, ಕೇಳಿಯೂ ಅತ್ತಳು.

*

ಇಚಲಕರಂಜಿ ಮುಟ್ಟಿದಾಗ ಸಂಜೆ. ಓಣಿಯ ಎರಡೂ ಬದಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ತಂಗೆವ್ವ ತಲೆಗೆ ನೀರು ಹಾಕಿಕೊಂಡು ಬಂದು, ಜೋಡನ್ನು ಬಾಗಿಲ ಹೊರಗೆ ಇಟ್ಟಳು, ಯಾರೋ ಈಗಷ್ಟೇ ಬಿಚ್ಚಿ ಒಳಗೆ ಹೋದ ಹಾಗೆ. ಎಡಗಾಲಿನದು ಕಪ್ಪಗೆ ಮಿರಿ ಮಿರಿ ಮಿನುಗುತ್ತಿತ್ತು. ಬಲಗಾಲಿನದು ಬಣ್ಣ ಬಿಟ್ಟು, ಹಪ್ಪಳದಂತೆ ಸೆಟೆದು, ನೆಲಕ್ಕೆ ಕೂರಲೊಲ್ಲದು.

ಪಕ್ಕದ ಮನೆಯ ನೂತನ ಹೊರಗೆ ಬಂದವಳು ಅದನ್ನು ನೋಡಿ ನಿಂತಳು.

"ಯಾರರ ಬಂದಾರೇನ್ರಿ ತಂಗೆವ್ವಾ?"

ಮಗ್ಗದ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ತಂಗೆವ್ವ ಒಳಗಿನಿಂದ ಎಣ್ಣೆಯ ಬಟ್ಟಲು ತಂದು ಹೊಸ್ತಿಲ ಮೇಲೆ ಕುಳಿತಳು. ಬಲಗಾಲಿನದನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಎಣ್ಣೆ ತಿಕ್ಕತೊಡಗಿದಳು. ತಿಕ್ಕಿದಷ್ಟನ್ನೂ ತೊಗಲು ಕುಡಿಯಿತು. ಅವಳು ಮತ್ತೆ ಹಾಕಿದಳು, ಮತ್ತೆ ತಿಕ್ಕಿದಳು. ಬಟ್ಟಲು ಬರಿದಾಗುತ್ತ ಬಂತು, ಅದು ಮೆತ್ತಗಾಗಲಿಲ್ಲ.